ಗೆಲ್ಲುವವರು ಒಬ್ಬರು, ಗೌನು ಇನ್ನೊಬ್ಬರಿಗೆ!

ನಿಡಸೋಸಿಯಿಂದ ಸಂಕೇಶ್ವರಕ್ಕೆ ಬಂದು ಬೆಳಗಾವಿ ಬಸ್ಸು ಹಿಡಿಯುವ ಅಂಗಡಿಕಾರರಿಗೆ ಅಲ್ಲಿಯ ಮೇಯರ್ ಯಾರಾದರೇನು? ರವಿವಾರ ಪೇಟೆಯಲ್ಲಿ ಮಾಲು ಸಿಕ್ಕರೆ ಸಾಕು. ಆದರೂ ಸೀಟು ಸಿಕ್ಕು ಕೂತರೆ ಮಾತು ಪಾಲಿಕೆಗೇ ಬರತದ. ಜನ ಓಟು ಹಾಕೋದು ಒಬ್ಬರಿಗೆ, ಖುರ್ಚಿ ಹತ್ತೋರು ಇನ್ನೊಬ್ಬರು, ಇದೆಂಥಾ ಲೆಕ್ಕ ರೀ?

ಲೆಕ್ಕ ಇಷ್ಟೇ. ಮೇಯರನ್ನು ಜನ ಆರಿಸುವುದಿಲ್ಲ, ಸದಸ್ಯರು ಆರಿಸುತ್ತಾರೆ. ಜೊತೆಗೆ ಶಾಸಕರು, ಸಂಸದರದೂ ಓಟು. ಅವಧಿ ಒಂದೇ ವರ್ಷ. ಖುರ್ಚಿ ಯಾವ ವರ್ಗಕ್ಕೆ ಮೀಸಲು ಎಂಬ ಪಟ್ಟಿ ಬೆಂಗಳೂರಿನಿಂದ ಬರುತ್ತದೆ.

ಬೆಳಗಾವಿಯದು ಇದರ ಮೇಲೆ ಇನ್ನೊಂದು ತೊಡಕು. 2021ರವರೆಗೆ ಅಲ್ಲಿ ಪಕ್ಷದ ಚಿಹ್ನೆಯೇ ಇರಲಿಲ್ಲ; ಇದ್ದದ್ದು ಭಾಷೆಯ ಗುಂಪು. ಮರಾಠಿಯವರು ಒಂದು ಕಡೆ, ಕನ್ನಡದವರು ಇನ್ನೊಂದು ಕಡೆ, ನಡುವೆ ಉರ್ದು ಸದಸ್ಯರು. ಕನ್ನಡದವರು ಒಂಟಿಯಾಗಿ ಎಂದೂ ದಡ ಮುಟ್ಟುವ ಹಾಗಿರಲಿಲ್ಲ. ಹೀಗಾಗಿ ಹುಟ್ಟಿತು ಕನ್ನಡ-ಉರ್ದು ಗುಂಪು. 1991ರಲ್ಲಿ ಸಿದ್ದನಗೌಡ ಪಾಟೀಲರು ಮೊದಲ ಕನ್ನಡ ಮೇಯರ್ ಆದರು. ಇವತ್ತಿಗೂ ಹಳಬರು ಆ ಹೆಸರು ಹೇಳುವಾಗ ಎದೆ ಉಬ್ಬಿಸುತ್ತಾರೆ.

2005ರಲ್ಲಿ ವಿಜಯ ಮೋರೆ ಮೇಯರ್ ಆಗಿದ್ದಾಗ ಗಡಿ ಠರಾವಿನ ಗದ್ದಲ ಎದ್ದು ಸರಕಾರ ಪಾಲಿಕೆಯನ್ನೇ ವಿಸರ್ಜಿಸಿತು. ಆ ಕಥೆ ಎಲ್ಲರಿಗೂ ಗೊತ್ತು, ಬಿಡ್ರಿ. ನನಗೆ ಸ್ವಾರಸ್ಯ ಅನ್ನಿಸುವುದು 2018ರದು. 58 ಸದಸ್ಯರಲ್ಲಿ ಮರಾಠಿ ಗುಂಪಿನವರು 32, ಕನ್ನಡ-ಉರ್ದುವಿನವರು 26. ಬಹುಮತ ಯಾರದೆಂದು ಸಾಲಿ ಹುಡುಗನೂ ಹೇಳ್ಯಾನು. ಆದರೆ ಆ ಸಲ ಖುರ್ಚಿ ಪರಿಶಿಷ್ಟ ಪಂಗಡಕ್ಕೆ ಮೀಸಲು. 32 ಜನರಲ್ಲಿ ಆ ಪಂಗಡದವರು ಒಬ್ಬರೂ ಇಲ್ಲ! ಕನ್ನಡ ಗುಂಪಿನ ಬಸಪ್ಪ ಚಿಕ್ಕಲದಿನ್ನಿ ಮೇಯರ್ ಆದರು. ಕೈಯಲ್ಲಿ ಬಹುಮತ ಹಿಡಿದುಕೊಂಡು ಎದುರಿನವರಲ್ಲಿ ಯಾರಿಗೆ ಗೌನು ತೊಡಿಸುವುದು ಎಂದು ಲೆಕ್ಕ ಹಾಕುವ ಪಾಳಿ ಮರಾಠಿ ಗುಂಪಿನದಾಯಿತು.

2019ರ ಮಾರ್ಚಿನಲ್ಲಿ ಆ ಅವಧಿ ಮುಗಿಯಿತು. ಮುಂದೆ ಎರಡೂವರೆ ವರ್ಷ ಚುನಾವಣೆಯೇ ಇಲ್ಲ. 2021ರ ಸೆಪ್ಟೆಂಬರಿನಲ್ಲಿ ಓಟು ಬಿತ್ತು, ಮೊದಲ ಬಾರಿ ಚಿಹ್ನೆಯ ಮೇಲೆ. ಬಿ.ಜೆ.ಪಿ. 35, ಕಾಂಗ್ರೆಸ್ 10, ಪಕ್ಷೇತರರು 12, ಎ.ಐ.ಎಂ.ಐ.ಎಂ. 1. ಎಂ.ಇ.ಎಸ್.ನವರು ಬೆರಳೆಣಿಕೆಗೆ ಇಳಿದರು. ಸ್ಪಷ್ಟ ಬಹುಮತ, ಮರುದಿನವೇ ಮೇಯರ್ ಅಂದುಕೊಂಡರು ಜನ. ಎಲ್ಲಿಯ ಮಾತು! ಮೇಯರ್ ಆಯ್ಕೆಯಾದದ್ದು 2023ರ ಫೆಬ್ರುವರಿ 6ಕ್ಕೆ, 17 ತಿಂಗಳ ಮೇಲೆ. ಒಟ್ಟು ಹೆಚ್ಚುಕಡಿಮೆ ನಾಲ್ಕು ವರ್ಷ ಬೆಳಗಾವಿಗೆ ಮೇಯರ್ ಇರಲಿಲ್ಲ. ಗಟಾರ ತುಂಬಿದರೆ, ನಳಕ್ಕೆ ನೀರು ಬರದಿದ್ದರೆ ಗೆದ್ದ ಸದಸ್ಯರ ಮನೆಗೆ ಹೋಗಬೇಕು. ಅವರೋ ಇನ್ನೂ ಸಭೆಯನ್ನೇ ಕಂಡವರಲ್ಲ.

ಕೊನೆಗೆ ಶೋಭಾ ಸೋಮನಾಚೆ ಮೇಯರ್, ರೇಷ್ಮಾ ಪಾಟೀಲ ಉಪಮೇಯರ್. ಇಬ್ಬರೂ ಬಿ.ಜೆ.ಪಿ.ಯವರು, ಇಬ್ಬರೂ ಮರಾಠಿ ಮನೆಮಾತಿನವರು. ಭಾಷೆಯ ಲೆಕ್ಕ ಅಳಿಯಲಿಲ್ಲ, ಪಕ್ಷದ ಒಳಗೆ ಹೋಗಿ ಕೂತಿತು ಅಷ್ಟೇ.

ಕಲಬುರಗಿಯಲ್ಲಿ ಆದದ್ದು ಇನ್ನೂ ಬಿಗಿ. ಅಲ್ಲಿ 2021ರಲ್ಲಿ 55 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 27, ಬಿ.ಜೆ.ಪಿ.ಗೆ 23, ಜೆ.ಡಿ.ಎಸ್.ಗೆ 4. ಅರ್ಧಕ್ಕೆ ಒಂದು ಹೆಜ್ಜೆ ಹಿಂದೆ ನಿಂತ ಕಾಂಗ್ರೆಸ್ ಕಾಯುತ್ತ ಕೂತಿತು. 2023ರ ಮಾರ್ಚಿನಲ್ಲಿ ಜೆ.ಡಿ.ಎಸ್. ನೆರವಿನಿಂದ, ಒಂದೇ ಓಟಿನ ಅಂತರದಲ್ಲಿ, ಬಿ.ಜೆ.ಪಿ.ಯ ವಿಶಾಲ ದರ್ಗಿ ಮೇಯರ್!

ದೊಡ್ಡ ಊರಿನ ಮಾತು ನಮಗ್ಯಾಕ ಅಂತೀರಾ? 2018ರಲ್ಲಿ ಗೆದ್ದ ನಮ್ಮ ರಾಜ್ಯದ ಅನೇಕ ಪುರಸಭೆ ಸದಸ್ಯರು ಅಧ್ಯಕ್ಷರನ್ನು ಆರಿಸಿದ್ದು 2020ರ ಕೊನೆಗೆ. ಅಲ್ಲಿಯೂ ಅದೇ ಮೀಸಲು ಪಟ್ಟಿ, ಅದೇ ಕೋರ್ಟು ಕಚೇರಿ. ಆ ಎರಡು ವರ್ಷ ಅಂಗಡಿಕಾರರು ಮಾತ್ರ ತಪ್ಪದೆ ಪಟ್ಟಿ ತುಂಬುತ್ತಲೇ ಇದ್ದರು.