ಉನ್ನತ ಜೀವರಸಾಯನಶಾಸ್ತ್ರ ಅಧ್ಯಯನ

ಉನ್ನತ ಜೀವರಸಾಯನಶಾಸ್ತ್ರ ಅಧ್ಯಯನ ಎಂದರೆ ಜೀವಕೋಶಗಳಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳನ್ನು ಸ್ನಾತಕೋತ್ತರ ಹಾಗೂ ಸಂಶೋಧನಾ ಹಂತದಲ್ಲಿ ಅಭ್ಯಸಿಸುವ ವಿಶ್ವವಿದ್ಯಾಲಯ ಶಿಕ್ಷಣ. ಗ್ಲೈಕಾಲಿಸಿಸ್, ಕ್ರೆಬ್ಸ್ ಚಕ್ರ ಮೊದಲಾದ ಕ್ರಿಯಾಸರಣಿಗಳನ್ನು ಪದವಿ ತರಗತಿಯಲ್ಲಿಯೇ ಕಲಿಸಲಾಗುತ್ತದೆ. ಅವು ಹಾಗೆಯೇ ನಡೆಯುತ್ತವೆ ಎಂಬುದು ಯಾವ ಪ್ರಯೋಗದಿಂದ ತಿಳಿದುಬಂದಿತು, ಆ ಪ್ರಯೋಗಕ್ಕೆ ಬೇರೆ ಅರ್ಥ ಸಾಧ್ಯವಿಲ್ಲವೇ ಎಂಬ ಪ್ರಶ್ನೆಗಳು ಮುಂದಿನ ಹಂತದವು.

ಕರ್ನಾಟಕದಲ್ಲಿ ಇತಿಹಾಸ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1921ರಲ್ಲಿ ಜೀವರಸಾಯನಶಾಸ್ತ್ರ ವಿಭಾಗ ಆರಂಭವಾಯಿತು. ಇದು ದೇಶದ ಅತ್ಯಂತ ಹಳೆಯ ಜೀವರಸಾಯನಶಾಸ್ತ್ರ ವಿಭಾಗಗಳಲ್ಲಿ ಒಂದು. ಈ ವಿಭಾಗದ ಮುಖ್ಯಸ್ಥರಾಗಿದ್ದ ವಿ. ಸುಬ್ರಹ್ಮಣ್ಯನ್ ಅವರು ಮುಂದೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಮೊದಲ ನಿರ್ದೇಶಕರಾದರು. ಅವರ ನಂತರ ಬಂದ ಕೆ. ವಿ. ಗಿರಿ ಅವರು 1950ರ ದಶಕದಲ್ಲಿ ಅಮೈನೋ ಆಮ್ಲಗಳನ್ನು ಬೇರ್ಪಡಿಸಲು ವೃತ್ತಾಕಾರದ ಕಾಗದ ವರ್ಣರೇಖನ ವಿಧಾನವನ್ನು ಬೆಳೆಸಿದರು. ದುಬಾರಿ ಉಪಕರಣಗಳಿಲ್ಲದ ಪ್ರಯೋಗಾಲಯಗಳಿಗೆ ಇದು ಹೇಳಿ ಮಾಡಿಸಿದಂತಿತ್ತು.

ಈ ವಿಭಾಗದಲ್ಲಿ ಓದುವ ಅವಕಾಶ ಎಲ್ಲರಿಗೂ ಸುಲಭವಾಗಿ ದೊರೆಯಲಿಲ್ಲ. ಮುಂಬಯಿ ವಿಶ್ವವಿದ್ಯಾಲಯದ ಪದವೀಧರೆ ಕಮಲಾ ಭಾಗವತ್ (ಮದುವೆಯ ನಂತರ ಕಮಲಾ ಸೊಹೋನಿ) 1933ರಲ್ಲಿ ಪ್ರವೇಶ ಕೋರಿದಾಗ, ಆಗಿನ ನಿರ್ದೇಶಕ ಸಿ. ವಿ. ರಾಮನ್ ಅವರು ಮಹಿಳೆ ಎಂಬ ಕಾರಣಕ್ಕೆ ನಿರಾಕರಿಸಿದರು. ಕಮಲಾ ಅವರ ತಂದೆ ಮತ್ತು ಚಿಕ್ಕಪ್ಪ ಇಬ್ಬರೂ ಅದೇ ಸಂಸ್ಥೆಯಲ್ಲಿ ರಸಾಯನಶಾಸ್ತ್ರ ಓದಿದವರಾಗಿದ್ದರು. ಅವರು ಪಟ್ಟು ಬಿಡದೆ ಪ್ರತಿಭಟಿಸಿದ ಮೇಲೆ ಒಂದು ವರ್ಷದ ಪರೀಕ್ಷಾವಧಿ ಸೇರಿದಂತೆ ಕೆಲವು ಷರತ್ತುಗಳೊಂದಿಗೆ ಪ್ರವೇಶ ದೊರೆಯಿತು. ಎಂ. ಶ್ರೀನಿವಾಸಯ್ಯ ಅವರ ಮಾರ್ಗದರ್ಶನದಲ್ಲಿ ಹಾಲು ಮತ್ತು ದ್ವಿದಳ ಧಾನ್ಯಗಳ ಪ್ರೋಟೀನುಗಳನ್ನು ಅಭ್ಯಸಿಸಿ ಅವರು 1936ರಲ್ಲಿ ಎಂ.ಎಸ್ಸಿ. ಪದವಿ ಪಡೆದರು. ಅನಂತರ ಸಂಸ್ಥೆಯ ಬಾಗಿಲು ಇತರ ಮಹಿಳೆಯರಿಗೂ ತೆರೆಯಿತು. ಕೇಂಬ್ರಿಡ್ಜ್‌ನಲ್ಲಿ ಸಸ್ಯಕೋಶಗಳ ಸೈಟೋಕ್ರೋಮ್ ಸಿ ಕುರಿತು ಕೆಲಸ ಮಾಡಿ 1939ರಲ್ಲಿ ಡಾಕ್ಟರೇಟ್ ಪಡೆದ ಕಮಲಾ, 1950ರ ದಶಕದಲ್ಲಿ ಮುಂಬಯಿಯಲ್ಲಿ ಭಾರತೀಯ ಆಹಾರ ಪದಾರ್ಥಗಳಲ್ಲಿನ ಟ್ರಿಪ್ಸಿನ್ ನಿರೋಧಕಗಳನ್ನು ಕುರಿತು ಸಂಶೋಧನೆ ನಡೆಸಿದರು.

ಅಧ್ಯಯನದ ವಿಷಯಗಳು

ಎಂ.ಎಸ್ಸಿ. ಶಿಕ್ಷಣವು ಎರಡು ವರ್ಷಗಳ, ನಾಲ್ಕು ಸೆಮಿಸ್ಟರುಗಳ ಅವಧಿಯದು. ಪ್ರೋಟೀನುಗಳ ರಚನೆ, ಕಿಣ್ವಶಾಸ್ತ್ರ, ಚಯಾಪಚಯ, ಅಣು ಜೀವಶಾಸ್ತ್ರ, ರೋಗರಕ್ಷಾಶಾಸ್ತ್ರ ಮತ್ತು ವಿಶ್ಲೇಷಣಾ ವಿಧಾನಗಳು ಸಾಮಾನ್ಯವಾಗಿ ಇದರ ಭಾಗಗಳು. ಇವುಗಳಲ್ಲಿ ವಿದ್ಯಾರ್ಥಿಗಳಿಗೆ ಹೆಚ್ಚು ಕಠಿಣವೆನಿಸುವುದು ಕಿಣ್ವಶಾಸ್ತ್ರ. ಅಲ್ಲಿ ಜೀವಶಾಸ್ತ್ರದ ಜೊತೆಗೆ ಗಣಿತವೂ ಬೇಕು. 1913ರಲ್ಲಿ ಮೈಕೆಲಿಸ್ ಮತ್ತು ಮೆಂಟೆನ್ ಮಂಡಿಸಿದ ಸಮೀಕರಣವು ಕಿಣ್ವದ ಕ್ರಿಯಾವೇಗಕ್ಕೂ ಅದು ವರ್ತಿಸುವ ವಸ್ತುವಿನ ಸಾಂದ್ರತೆಗೂ ಇರುವ ಸಂಬಂಧವನ್ನು ತಿಳಿಸುತ್ತದೆ. ‘ಕಿಣ್ವ’ ಎಂಬ ಸಂಸ್ಕೃತ ಮೂಲದ ಪದಕ್ಕೆ ಮದ್ಯ ತಯಾರಿಕೆಯಲ್ಲಿ ಹುದುಗು ಬರಿಸುವ ವಸ್ತು ಎಂಬುದೇ ಹಳೆಯ ಅರ್ಥ. ‘ಎನ್‌ಜೈಮ್’ ಎಂಬುದರ ಗ್ರೀಕ್ ಮೂಲವೂ ಹುದುಗಿಗೇ ಸಂಬಂಧಿಸಿದೆ.

ಒಂದು ಉದಾಹರಣೆ: ರಾಗಿಯ ಕಿಣ್ವ ನಿರೋಧಕ

ಉನ್ನತ ಹಂತದ ಚಿಂತನಾಕ್ರಮವನ್ನು ತಿಳಿಯಲು ಕರ್ನಾಟಕದಲ್ಲಿಯೇ ನಡೆದ ಒಂದು ಸಂಶೋಧನೆ ನೆರವಾಗುತ್ತದೆ. ಅಂತರಘಟ್ಟೆಯ ಸುತ್ತಲಿನ ಕಡೂರು, ತರೀಕೆರೆ, ಅಜ್ಜಂಪುರ ಭಾಗದ ಮಳೆಯಾಶ್ರಿತ ಹೊಲಗಳಲ್ಲಿ ಬೆಳೆಯುವ ರಾಗಿಯೇ ಅದರ ವಸ್ತು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಜೀವರಸಾಯನಶಾಸ್ತ್ರ ವಿಭಾಗದ ಬಿ. ಶಿವರಾಜ್ ಮತ್ತು ಟಿ. ಎನ್. ಪಟ್ಟಾಭಿರಾಮನ್ ಅವರು 1981ರಲ್ಲಿ ರಾಗಿ ಕಾಳಿನ ಒಂದು ಅಪರೂಪದ ಪ್ರೋಟೀನನ್ನು ವಿವರಿಸಿದರು. ಪಿಷ್ಟವನ್ನು ಒಡೆಯುವ ಆಲ್ಫಾ ಅಮೈಲೇಸ್ ಮತ್ತು ಪ್ರೋಟೀನನ್ನು ಒಡೆಯುವ ಟ್ರಿಪ್ಸಿನ್ ಎಂಬ ಎರಡು ಭಿನ್ನ ಕಿಣ್ವಗಳನ್ನು ಅದು ತಡೆಯುತ್ತಿತ್ತು.

ಇಲ್ಲಿ ಸಹಜವಾಗಿ ಒಂದು ಸಂಶಯ ಹುಟ್ಟುತ್ತದೆ. ಇದು ಎರಡು ಕೆಲಸ ಮಾಡುವ ಒಂದೇ ಪ್ರೋಟೀನೋ, ಅಥವಾ ಬೇರ್ಪಡಿಸಲಾಗದೆ ಉಳಿದ ಎರಡು ಪ್ರೋಟೀನುಗಳ ಮಿಶ್ರಣವೋ? ಸಂಶೋಧಕರು ಮೊದಲು ಪ್ರೋಟೀನನ್ನು ಏಕರೂಪದ ಸ್ಥಿತಿಗೆ ಬರುವವರೆಗೆ ಶುದ್ಧೀಕರಿಸಿದರು. ಒಂದೇ ಪ್ರೋಟೀನು ಎರಡೂ ಕಿಣ್ವಗಳನ್ನು ಏಕಕಾಲದಲ್ಲಿ ಹಿಡಿದಿಡಬಲ್ಲದು ಎಂದು ತೋರಿದ ಮೇಲೆ, ಎರಡಕ್ಕೂ ಒಂದೇ ಜಾಗವೋ ಬೇರೆ ಬೇರೆ ಜಾಗಗಳೋ ಎಂಬ ಪ್ರಶ್ನೆ ಉಳಿಯಿತು. ಪ್ರೋಟೀನಿನ ಅಮೈನೋ ಗುಂಪುಗಳನ್ನು ರಾಸಾಯನಿಕವಾಗಿ ಮಾರ್ಪಡಿಸಿದಾಗ ಅಮೈಲೇಸ್ ತಡೆಯುವ ಶಕ್ತಿ ಕುಗ್ಗಿತು, ಟ್ರಿಪ್ಸಿನ್ ತಡೆಯುವ ಶಕ್ತಿ ಉಳಿಯಿತು. ಅರ್ಜಿನೀನ್ ಘಟಕಗಳನ್ನು ಮಾರ್ಪಡಿಸಿದಾಗ ಇದಕ್ಕೆ ವಿರುದ್ಧವಾದ ಫಲಿತಾಂಶ ಬಂದಿತು. ಹೀಗೆ ಒಂದೇ ಅಣುವಿನಲ್ಲಿ ಎರಡು ಸ್ವತಂತ್ರ ಬಂಧನ ಸ್ಥಾನಗಳಿವೆ ಎಂಬ ತೀರ್ಮಾನಕ್ಕೆ ದಾರಿಯಾಯಿತು. ಅಣುವನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. ಒಂದನ್ನು ಕೆಡಿಸಿ ಇನ್ನೊಂದು ಉಳಿಯುವುದನ್ನು ಅಳೆದೇ ಇಷ್ಟನ್ನೂ ತರ್ಕಿಸಲಾಯಿತು.

ಈ ತರ್ಕವನ್ನು ಮುಂದಿನ ಸಂಶೋಧನೆಗಳು ದೃಢಪಡಿಸಿದವು. 1983ರಲ್ಲಿ ಈ ಪ್ರೋಟೀನಿನ 122 ಅಮೈನೋ ಆಮ್ಲಗಳ ಅನುಕ್ರಮ ಪ್ರಕಟವಾಯಿತು. 1990ರ ದಶಕದಲ್ಲಿ ಯುರೋಪಿನ ಪ್ರಯೋಗಾಲಯಗಳಲ್ಲಿ ಇದರ ಮೂರು ಆಯಾಮದ ರಚನೆ ತಿಳಿದುಬಂದಿತು. ಹಿಟ್ಟಿನಲ್ಲಿ ಬೆಳೆಯುವ ಒಂದು ಹುಳುವಿನ ಅಮೈಲೇಸ್‌ನೊಂದಿಗೆ ಕೂಡಿದ ಸ್ಥಿತಿಯ ಸ್ಫಟಿಕ ರಚನೆಯು 1998ರಲ್ಲಿ ಪ್ರಕಟವಾಯಿತು. ಪ್ರೋಟೀನಿನ ಮೊದಲ ತುದಿ, ಅಂದರೆ ಮುಕ್ತ ಅಮೈನೋ ಗುಂಪು ಇರುವ ತುದಿಯೇ, ಅಮೈಲೇಸ್‌ನ ಕ್ರಿಯಾಸ್ಥಾನದೊಳಗೆ ಸೇರಿಕೊಂಡಿತ್ತು. ಟ್ರಿಪ್ಸಿನ್ ಹಿಡಿಯುವ ಕುಣಿಕೆಯು ಬೇರೆಡೆ ಇದ್ದು, 34ನೆಯ ಸ್ಥಾನದ ಅರ್ಜಿನೀನ್ ಅದರಲ್ಲಿದೆ. ಕಾಳನ್ನು ತಿನ್ನುವ ಕೀಟಗಳ ಜೀರ್ಣಕ್ರಿಯೆಗೆ ಅಡ್ಡಿ ಮಾಡುವ ಇಂತಹ ನಿರೋಧಕಗಳನ್ನು ಸಸ್ಯದ ಆತ್ಮರಕ್ಷಣೆಯ ಸಾಧನಗಳೆಂದು ಪರಿಗಣಿಸಲಾಗುತ್ತದೆ.

ಅಧ್ಯಯನಕ್ಕೆ ಅವಕಾಶಗಳು

ಚಿಕ್ಕಮಗಳೂರು ಮತ್ತು ಶಿವಮೊಗ್ಗ ಜಿಲ್ಲೆಗಳು 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿವೆ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಅದರ ಜ್ಞಾನಸಹ್ಯಾದ್ರಿ ಆವರಣವಿದೆ. ದಾವಣಗೆರೆಯ ತೋಳಹುಣಸೆಯಲ್ಲಿದ್ದ ಅದರ ಸ್ನಾತಕೋತ್ತರ ಕೇಂದ್ರವು 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯವಾಯಿತು. ಅಲ್ಲಿ ಜೀವರಸಾಯನಶಾಸ್ತ್ರ ವಿಭಾಗವಿದೆ. ಮೈಸೂರು ಮತ್ತು ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿಯೂ ಈ ವಿಷಯವನ್ನು ಬೋಧಿಸಲಾಗುತ್ತದೆ.

ಸಂಶೋಧನಾ ಸಹಾಯಧನ ಮತ್ತು ಅಧ್ಯಾಪನ ಅರ್ಹತೆಗಾಗಿ ಸಿ.ಎಸ್.ಐ.ಆರ್. ನೆಟ್ ಪರೀಕ್ಷೆಯನ್ನು ಬರೆಯಬೇಕಾಗುತ್ತದೆ. ಅದರಲ್ಲಿ ಜೀವರಸಾಯನಶಾಸ್ತ್ರಕ್ಕೆ ಪ್ರತ್ಯೇಕ ಪತ್ರಿಕೆಯಿಲ್ಲ, ಜೀವವಿಜ್ಞಾನ ಪತ್ರಿಕೆಯಲ್ಲಿಯೇ ಅದು ಸೇರಿದೆ. ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತವೆ. ಪ್ರೌಢಶಾಲೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪರಿಭಾಷೆಯೇ ಮೊದಲ ತೊಡಕಾಗುತ್ತದೆ. ಕಿಣ್ವ, ನಿರೋಧಕ, ಬಂಧನ ಸ್ಥಾನ ಮುಂತಾದ ಕನ್ನಡ ಪದಗಳ ಮೂಲಕ ಪರಿಕಲ್ಪನೆ ಒಮ್ಮೆ ಸ್ಪಷ್ಟವಾದರೆ, ಇಂಗ್ಲಿಷ್ ಪದಗಳನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಅಷ್ಟೇನೂ ಕಷ್ಟವಲ್ಲ.