ಸೋಂಕು ಅಲ್ಲೇಕೆ ಹೆಚ್ಚು?

2017ರ ಎಚ್‌ಐವಿ ಕಣ್ಗಾವಲು ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಪುರುಷರೊಡನೆ ಲೈಂಗಿಕ ಸಂಪರ್ಕವಿರುವ ಪುರುಷರಲ್ಲಿ ಸೋಂಕು ಶೇ 2.69, ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಶೇ 3.14. ಅದೇ ವರ್ಷ ಒಟ್ಟು ವಯಸ್ಕರಲ್ಲಿ ಅದು ಬರೀ ಶೇ 0.22.

ದೇಹದ ಕಾರಣವೊಂದಿದೆ: ಗುದದ ಒಳಪೊರೆ ತೆಳು, ಬೇಗ ಗಾಯವಾಗುತ್ತದೆ, ವೈರಾಣುವಿಗೆ ದಾರಿ ಸಲೀಸು. ಆದರೆ ಸಮಾಜದ ಪಾಲೂ ಸಣ್ಣದಲ್ಲ. ಮನೆಯವರು ಹೊರಹಾಕಿದ ಮಂಗಳಮುಖಿಗೆ ಭಿಕ್ಷೆ, ಲೈಂಗಿಕ ವೃತ್ತಿ ಬಿಟ್ಟರೆ ದುಡಿಮೆ ಸಿಗುವುದೇ ಕಷ್ಟ. ಕಾಂಡೋಮ್ ಬೇಡ, ಹೆಚ್ಚು ದುಡ್ಡು ಕೊಡುತ್ತೇನೆ ಎನ್ನುವ ಗಿರಾಕಿಯ ಮುಂದೆ ಹಟ ಹಿಡಿಯಲು ಹೊಟ್ಟೆಪಾಡು ಬಿಡುವುದಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆದರೂ ಆಸ್ಪತ್ರೆಯ ಸಾಲಿನಲ್ಲಿ ಕೊಂಕುನೋಟ ತಪ್ಪಿಲ್ಲ. ಪರೀಕ್ಷೆ ತಡವಾಗುವುದು ಇದರಿಂದಲೂ.

ಸರ್ಕಾರಿ ಐಸಿಟಿಸಿ (ಆಪ್ತಸಮಾಲೋಚನೆ ಮತ್ತು ಪರೀಕ್ಷಾ) ಕೇಂದ್ರಗಳಲ್ಲಿ ಪರೀಕ್ಷೆ, ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರಗಳಲ್ಲಿ ಔಷಧ ಉಚಿತ. ಮಾಹಿತಿಗೆ 1097ಕ್ಕೆ ಕರೆ ಮಾಡಬಹುದು.