ಮಂಚದ ಕೆಳಗಿನ ಕಾವಲುಗಾರ

2008ರಿಂದ ಬೀದರ ವಾಯುನೆಲೆಯಲ್ಲಿರುವ ಹಾಕ್ ತರಬೇತಿ ವಿಮಾನ ನೌಬಾದದ ಮೇಲೆ ಮೊರೆದರೆ ಹುಡುಗರು ಅಂಗಳಕ್ಕೆ ಓಡತಾರ. ಮನೆ ಕಾಯುವ ನಾಯಿ ಮಂಚದ ಕೆಳಗೆ ಹೊಗತದ. ದೀಪಾವಳಿಯಲ್ಲಂತೂ ಕೇಳಲೇಬೇಡಿ.

"ಇದೆಂಥಾ ಅಂಜುಬುರುಕ ನಾಯಿರಿ, ಕಳ್ಳ ಬಂದ್ರ ಏನ್ ಮಾಡ್ತದ?" ಎಂದು ನೆರೆಯವರು ನಗುತ್ತಾರೆ. ಯಜಮಾನರಿಗೆ ಅವಮಾನ. ಕೊರಳಪಟ್ಟಿ ಹಿಡಿದು ಹೊರಗೆಳೆಯುತ್ತಾರೆ. ತಪ್ಪಾಗೋದು ಇಲ್ಲೇ. ಓಡಲು ದಾರಿ ಕಾಣದ ನಾಯಿ ಮನೆಯವರನ್ನೇ ಕಚ್ಚೀತು. ಕಚ್ಚಿದರೆ ಗಾಯವನ್ನು ಸಾಬೂನು ನೀರಿನಲ್ಲಿ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಸಾಕಿದ ನಾಯಿ ಎಂಬ ಸಲಿಗೆ ರೇಬೀಸ್‌ಗೆ ಗೊತ್ತಿಲ್ಲ.

ಅಂಜಿಕೆ ಹಟವಲ್ಲ. ಹೊಕ್ಕ ಮೂಲೆಯನ್ನು ಅದಕ್ಕೇ ಬಿಡಿ, ಗೋಣಿ ಹಾಸಿ, ಕಿಟಕಿ ಮುಚ್ಚಿ. ತಾನಾಗಿ ಬಳಿಗೆ ಬಂದರೆ ಮೈದಡವಿ. ಮುದ್ದು ಮಾಡಿದರೆ ಅಂಜಿಕೆ ಹೆಚ್ಚತದ ಅನ್ನೋ ಹಳೆಯ ಮಾತಿನಲ್ಲಿ ಹುರುಳಿಲ್ಲ. ಗದ್ದಲವಿಲ್ಲದ ದಿನ ಮೊಬೈಲಿನಲ್ಲಿ ಅದೇ ಸದ್ದನ್ನು ಬಲು ಸಣ್ಣಗೆ ಹಾಕಿ, ರೊಟ್ಟಿ ಚೂರು ಕೊಡಿ. ಬೆದರದೆ ತಿಂದರಷ್ಟೇ ಮರುದಿನ ಕೊಂಚ ಏರಿಸಿ. ಬೆದರಿದರೆ ಮತ್ತೆ ಇಳಿಸಿ. ವಾರಗಟ್ಟಲೆ ಹಿಡಿಯುವ ಕೆಲಸವಿದು, ಅವಸರ ನಡೆಯದು.

ಅಷ್ಟಾದರೂ ಉಣ್ಣದೆ ನಡುಗುತ್ತಿದ್ದರೆ ಬೀದರದ ನಂದಿನಗರದಲ್ಲೇ ಪಶುವೈದ್ಯ ಕಾಲೇಜಿದೆ, ಒಯ್ದು ತೋರಿಸಿ. ನಾಯಿಯ ಅಂಜಿಕೆಗೂ ಔಷಧವಿದೆ. ಮನೆಯ ಅಜ್ಜನ ನಿದ್ದೆ ಗುಳಿಗೆ ಮಾತ್ರ ಹಾಕಬೇಡಿ.